ಮಗ್ಗದ ದನಿ

ಗುಟ್ಟು ಹೇಳುವ ಭಾಗ್ಯವನ್ನು ದೇವರು ಲಕ್ಷ್ಮೀದೇವಮ್ಮನಿಗೆ ಕೊಟ್ಟಿರಲಿಲ್ಲ. "ಮೆಲ್ಲಗೆ ಹೇಳ್ತೀನಿ ಕೇಳು" ಎಂದು ಆಕೆ ಶುರುಮಾಡಿದರೆ ಬೀದಿಯ ಕೊನೆಯ ಮನೆಯವರು ಕಿವಿಗೊಡುವ ಕಷ್ಟವನ್ನೂ ಪಡಬೇಕಿರಲಿಲ್ಲ, ಮಾತು ತಾನೇ ಅಲ್ಲಿಯವರೆಗೆ ಹೋಗಿ ಮುಟ್ಟುತ್ತಿತ್ತು. ತಪ್ಪು ಆಕೆಯದಲ್ಲ. ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರ ಪವರ್‌ಲೂಮ್ ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳು ಒಟ್ಟಿಗೆ ಓಡುತ್ತವೆ. ಅವುಗಳ ನಡುವೆ ಇಪ್ಪತ್ತನಾಲ್ಕು ವರ್ಷ ನಿಂತು ಸೀರೆ ನೇಯ್ದವರ ಕಿವಿ ಮಂದವಾಗುತ್ತದೆ, ದನಿ ಏರುತ್ತದೆ. ಪಕ್ಕದಲ್ಲಿದ್ದವರಿಗೆ ಏನಾದರೂ ಹೇಳಬೇಕೆಂದರೆ ಕಿವಿಯ ಹತ್ತಿರ ಹೋಗಿ ಕೂಗಬೇಕು. ಕರೆಂಟ್ ಹೋಗಿ ಮಗ್ಗಗಳೆಲ್ಲ ಗಪ್ಪನೆ ನಿಂತಾಗಲಂತೂ ಹೆಂಗಸರ ಅರ್ಧ ಮಾತು ಅದೇ ಕೂಗಿನಲ್ಲಿ ಮುಂದುವರಿದು, ಯಾರ ಮನೆಯ ಸೊಸೆ ಏನಂದಳು ಎಂಬುದು ಹೊರಗೆ ಸೊಪ್ಪು ಮಾರುವವನಿಗೂ ಗೊತ್ತಾಗಿಬಿಡುತ್ತಿತ್ತು.

ದೂರದ ಮಗ್ಗದವರ ಜೊತೆ ಮಾತಾಡುವುದಕ್ಕೆ ಬೇರೆಯೇ ದಾರಿ. ಅಲ್ಲಿಗೆ ಎಷ್ಟು ಕೂಗಿದರೂ ಕೇಳಿಸದು. ಹಾಗಾಗಿ ದನಿಯನ್ನೇ ಬಿಟ್ಟು, ತುಟಿಯನ್ನು ಅಗಲವಾಗಿ ಆಡಿಸಿ, ಜೊತೆಗೆ ಕೈಯಲ್ಲೂ ಒಂದಿಷ್ಟು ತೋರಿಸಿದರೆ ಆಯಿತು. ನಾಲ್ಕು ಮಗ್ಗದಾಚೆ ನಿಂತ ಸಪ್ಪಲಮ್ಮನಿಗೆ ಲಕ್ಷ್ಮೀದೇವಮ್ಮ ನಿನ್ನೆ ಮಾಡಿದ ಬಸ್ಸಾರಿನ ಕಥೆಯನ್ನು ಉಪ್ಪು ಹೆಚ್ಚಾದ ತನಕ ಪೂರ್ತಿ ಹೀಗೇ ಹೇಳಬಲ್ಲಳು. ಈ ಮಾತಿಗೆ ಶೆಡ್ಡಿನಲ್ಲಿ ಹೆಸರೇನೂ ಇರಲಿಲ್ಲ. ಉಸಿರಾಡುವುದಕ್ಕೆ ಯಾರಾದರೂ ಹೆಸರಿಡುತ್ತಾರೆಯೇ?

ಮಗಳು ಸಿಂಚನ ಬೆಳೆದದ್ದೂ ಅದೇ ಶೆಡ್ಡಿನ ಮೂಲೆಯಲ್ಲಿ, ನೂಲಿನ ಮೂಟೆಗಳ ಹಿಂದೆ ಹಳೇ ಸೀರೆ ಕಟ್ಟಿದ ತೊಟ್ಟಿಲಲ್ಲಿ. ಅಪ್ಪ ರಾಮಾಂಜಿನಪ್ಪ ಬೆಳಗಾದರೆ ಟಿವಿಎಸ್ ಹತ್ತಿ ತೂಬಗೆರೆಯ ಹೊಲಕ್ಕೆ ಹೋಗುವವನು, ಮೂರು ಮಾತಿಗೆ ಒಂದು ಮಾತು ಆಡುವವನು. ಮಗಳಿಗೆ ಅವನ ಮೂಗು ಬಂತು, ದನಿ ಮಾತ್ರ ಅಮ್ಮನದೇ ಬಂತು. ಕಾಲೇಜಿನ ಕಾರ್ಯಕ್ರಮಗಳಲ್ಲಿ ಮೈಕು ಕೆಟ್ಟರೆ "ಸಿಂಚನಾನ ಕರೀರೋ" ಎನ್ನುವಷ್ಟು.

ಅದೇ ಕಾಲೇಜಿನಲ್ಲಿ, ಬಿಎ ಕೊನೆಯ ವರ್ಷದ ಬಹುಮಾನದ ದಿನ, ಒಂದು ಚಿಕ್ಕ ಸಂಗತಿ ನಡೆದಿತ್ತು. ಇಂಗ್ಲಿಷಿನಲ್ಲಿ ಮೊದಲು ಬಂದ ಮಗಳ ಹೆಸರು ಕೂಗಿದಾಗ ಲಕ್ಷ್ಮೀದೇವಮ್ಮ ತಡೆಯಲಾರದೆ ಎದ್ದು ನಿಂತು, "ನನ್ ಮಗ್ಳು ಸಾರ್!" ಅಂದಿದ್ದಳು. ಸಭಾಂಗಣವೆಲ್ಲ ತಿರುಗಿ ನೋಡಿ ನಕ್ಕಿತು. ಕೆಟ್ಟ ನಗುವೇನಲ್ಲ. ಆದರೆ ಬಹುಮಾನ ಹಿಡಿದು ಬಂದ ಸಿಂಚನ ಕಿವಿ ಕೆಂಪಗೆ ಮಾಡಿಕೊಂಡು ಅಮ್ಮನ ಕೈ ಅದುಮಿ, "ಅಮ್ಮಾ, ಮೆಲ್ಲಗೆ" ಎಂದಳು.

ಅಷ್ಟೇ. ಸಿಂಚನ ಅದನ್ನು ಅಲ್ಲೇ ಮರೆತಂತಿದ್ದಳು, ಲಕ್ಷ್ಮೀದೇವಮ್ಮ ಮರೆಯಲಿಲ್ಲ. ತನ್ನ ದನಿ ತನಗೇ ಸರಿಯಾಗಿ ಕೇಳಿಸದವಳು ಅದನ್ನು ಎಷ್ಟು ಇಳಿಸಬೇಕೆಂದು ತಿಳಿಯುವುದಾದರೂ ಹೇಗೆ? ಅದಕ್ಕೆ ಆಕೆ ಒಂದು ಸುಲಭದ ಉಪಾಯ ಕಂಡುಕೊಂಡಳು. ಮಗಳ ಎದುರಿಗೆ, ಮಗಳ ಸ್ನೇಹಿತೆಯರ ಎದುರಿಗೆ, ಫೋನಿನಲ್ಲಿ, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು "ಹೂಂ" ಎನ್ನುವುದು, ಅಥವಾ ಸುಮ್ಮನಿರುವುದು.

ಡಿಗ್ರಿ ಮುಗಿದ ಮೇಲೆ ಸಿಂಚನ ಲಾವೋಸ್ ಎಂಬ ದೇಶಕ್ಕೆ ಹೊರಟಳು. ಅಲ್ಲಿನ ಬೆಟ್ಟದ ಹಳ್ಳಿಯ ಶಾಲೆಯಲ್ಲಿ ಒಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು. ಕಳಿಸುವ ಸಂಸ್ಥೆಯವರು ವಿಮಾನದ ಟಿಕೆಟ್ಟು, ಇರಲು ಕೋಣೆ, ಊಟ ನೋಡಿಕೊಳ್ಳುತ್ತಾರೆ, ಸಂಬಳವಿಲ್ಲ. ಮೊದಲ ತಿಂಗಳು ಪರೀಕ್ಷೆ, ಕೆಲಸ ಹಿಡಿಸದಿದ್ದರೆ ವಾಪಸು. ಬೀದಿಯವರಿಗೆ ಇದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. "ಸಂಬಳ ಇಲ್ದೆ ಗೇಯೋಕೆ ಏರೋಪ್ಲೇನ್ ಯಾಕಮ್ಮ, ನಮ್ಮನೇಗೇ ಬರ್ಲಿ, ಪಾತ್ರೆ ರಾಶಿ ಬಿದ್ದಿದೆ" ಎಂದು ಎದುರುಮನೆಯವಳು ನಕ್ಕಳು. ಲಕ್ಷ್ಮೀದೇವಮ್ಮ ಜಗ್ಗಲಿಲ್ಲ. ಐದನೇ ಕ್ಲಾಸಿನಿಂದ ಟೀಚರಾಗಬೇಕು ಎನ್ನುತ್ತಿದ್ದ ಮಗಳು, ಹೊಲ ಮತ್ತು ಮಗ್ಗ ಬಿಟ್ಟು ಬೇರೇನೂ ಕಾಣದ ಮನೆಯಿಂದ ಸಮುದ್ರದಾಚೆಯ ಶಾಲೆಗೆ ಹೋಗುತ್ತಿದ್ದಾಳೆ; ದೇವರು ದೊಡ್ಡವನು ಎಂದು ಮನಸಾರೆ ಕೈಮುಗಿದಳು. ಹುರಿಗಾಳಿನ ಡಬ್ಬ, ಚಟ್ನಿಪುಡಿ ಕಟ್ಟಿಕೊಟ್ಟಳು. ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ಸೆರಗಿನೊಳಗೇ ನುಂಗಿ, ಬರೀ ಕೈಬೀಸಿ ಬಂದಳು.

ಇಪ್ಪತ್ತೆರಡನೇ ದಿನ ಮಧ್ಯಾಹ್ನ, ಮಗ್ಗ ಓಡುತ್ತಿರುವಾಗಲೇ ಫೋನು ಮಿನುಗಿತು. ವಿಡಿಯೋ ಕಾಲ್. ಆ ಹೊತ್ತಿಗೆ ಸಿಂಚನ ಯಾವತ್ತೂ ಮಾಡುತ್ತಿರಲಿಲ್ಲ. ಲಕ್ಷ್ಮೀದೇವಮ್ಮ ಫೋನನ್ನು ಕಿಟಕಿಯ ಕಂಬಿಗೆ ಒರಗಿಸಿ ನೋಡಿದರೆ, ಮಗಳ ಮುಖ ಊದಿಕೊಂಡಿತ್ತು. ಶೆಡ್ಡಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸದು. ಕೇಳಿಸಬೇಕಾಗಿಯೂ ಇರಲಿಲ್ಲ. ಮಗಳು ಹುಟ್ಟಿದಾಗಿನಿಂದ ಅವಳ ತುಟಿಯನ್ನು ಆಕೆ ಓದಿದ್ದಳು.

"ಮಕ್ಕಳು ಬರ್ತಿಲ್ಲಮ್ಮ" ಎಂದವು ತುಟಿಗಳು. "ಮೂವತ್ತು ಜನ ಇದ್ರು. ಇವತ್ತು ಹನ್ನೊಂದು."

"ಯಾಕೆ?" ಎಂದು ಲಕ್ಷ್ಮೀದೇವಮ್ಮ ಕೈಯಲ್ಲೇ ಕೇಳಿದಳು.

"ನನ್ ಕಂಡ್ರೆ ಭಯ ಅವ್ಕೆ. ಇಲ್ಲಿ ಯಾರೂ ದನಿ ಎತ್ತಲ್ಲ. ಜಗಳಾನೂ ಮೆಲ್ಲಗೇ ಆಡ್ತಾರೆ. ನಾನು ಗುಡ್ ಮಾರ್ನಿಂಗ್ ಅಂದ್ರೂ ಬೈದಂಗೆ ಕೇಳಿಸ್ತದಂತೆ. ಟೀಚರಿಗೆ ನಮ್ ಮೇಲೆ ಯಾಕೆ ಇಷ್ಟು ಕೋಪ ಅಂತ ಮನೇಲಿ ಹೇಳ್ಕೊಂಡು ಅತ್ತವಂತೆ."

"ಮೆಲ್ಲಗೆ ಮಾತಾಡು ಮಗಾ."

"ಆಡ್ತೀನಮ್ಮ! ಎರಡು ನಿಮಿಷ ಆಡ್ತೀನಿ. ಅವ್ರಿಗೆ ಅರ್ಥ ಆಗ್ಲಿಲ್ಲ ಅಂತ ಗೊತ್ತಾದ ತಕ್ಷಣ ತಾನಾಗೇ ಏರ್ಕೊಂಡು ಹೋಗ್ಬಿಡ್ತದೆ." ಸಿಂಚನ ಮೂಗೊರೆಸಿಕೊಂಡಳು. "ಮುಂದಿನ ವಾರ ಶುಕ್ರವಾರ ಸಂಸ್ಥೆ ಮೇಡಂ ಬಂದು ಕ್ಲಾಸ್ ನೋಡ್ತಾರೆ. ಹಿಂಗೇ ಇದ್ರೆ ಟಿಕೆಟ್ ಕೊಟ್ಟು ಕಳಿಸ್ತಾರೆ. ನಾನು ಟೀಚರ್ ಆಗೋಕೆ ಲಾಯಕ್ಕಿಲ್ಲ ಅನ್ಸುತ್ತಮ್ಮ."

ಫೋನು ಕಟ್ಟಾಯಿತು. ಲಕ್ಷ್ಮೀದೇವಮ್ಮ ಮಗ್ಗದ ಮುಂದೆ ನಿಂತೇ ಇದ್ದಳು. ನಿನ್ನ ದನಿ ನನಗೆ ಬಂದು ಹೀಗಾಯಿತು ಎಂದು ಮಗಳು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಹೆತ್ತ ಮಗಳಿಗೆ ಒಡವೆ ಕೊಡಲಾಗಲಿಲ್ಲ, ಕೊಟ್ಟದ್ದು ಈ ದರಿದ್ರ ದನಿಯೊಂದನ್ನೇ, ಅದೂ ಅಲ್ಲಿಗೆ ಹೋಗಿ ಅವಳ ಅನ್ನಕ್ಕೆ ಕಲ್ಲು ಹಾಕಿತಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಎಳೆ ಹರಿದದ್ದೂ ಆಕೆಗೆ ಕಾಣಲಿಲ್ಲ. ಆದಿನಾರಾಯಣಪ್ಪನವರೇ ಓಡಿಬಂದು ಮಗ್ಗ ನಿಲ್ಲಿಸಿದರು.

ಮರುದಿನ ಹತ್ತು ಗಂಟೆಗೆ ಕರೆಂಟ್ ಹೋಯಿತು. ಹೆಂಗಸರೆಲ್ಲ ಬಾಗಿಲ ಹತ್ತಿರ ಟೀ ಹಿಡಿದು ಕೂತರು. ಲಕ್ಷ್ಮೀದೇವಮ್ಮ ಸಪ್ಪಲಮ್ಮನ ಕಿವಿಗೆ ಬಾಯಿಟ್ಟು ಗುಟ್ಟಾಗಿ ವಿಷಯ ಹೇಳಿದಳು. ಗುಟ್ಟಾಗಿ ಎಂದರೆ ಇಡೀ ಶೆಡ್ಡಿಗೆ, ಪಕ್ಕದ ಶೆಡ್ಡಿಗೆ.

ಸಪ್ಪಲಮ್ಮ ಅರವತ್ತು ದಾಟಿದವಳು. ಆ ಶೆಡ್ಡಿನಲ್ಲಿ ಆಕೆಗಿಂತ ಹಳತು ಎಂದರೆ ಗೋಡೆ ಮಾತ್ರ. ಟೀ ಮುಗಿಸಿ, ಲೋಟ ಕೆಳಗಿಟ್ಟು, "ಅಲ್ಲಮ್ಮೀ, ನೀನು ಇಲ್ಲಿಗೆ ಬಂದಾಗ ನಿಂಗೆ ನಾನು ಕೂಗಿ ಕಲಿಸ್ದೆನಾ?" ಎಂದಳು.

ಲಕ್ಷ್ಮೀದೇವಮ್ಮನಿಗೆ ತಾನು ತೂಬಗೆರೆಯ ಹೊಲದಲ್ಲಿ ಹಕ್ಕಿ ಓಡಿಸಿಕೊಂಡಿದ್ದವಳು ಮದುವೆಯಾದ ವರ್ಷ ಈ ಶೆಡ್ಡಿಗೆ ಕಾಲಿಟ್ಟದ್ದು ನೆನಪಾಯಿತು. ಎಲ್ಲರೂ ಬಾಯಿ ಆಡಿಸುತ್ತಾರೆ, ತನಗೆ ಏನೂ ಕೇಳಿಸದು. ಮೂರನೇ ದಿನ ನೀರಿನ ಹಂಡೆಯ ಹಿಂದೆ ಕೂತು ಅತ್ತಿದ್ದಳು. ಆಗ ಈ ಸಪ್ಪಲಮ್ಮನೇ ಬಂದು, ಗದ್ದ ಹಿಡಿದು ಮುಖ ಎತ್ತಿ, ಮೊಟ್ಟಮೊದಲು ಒಂದೇ ಒಂದನ್ನು ಕಲಿಸಿದ್ದಳು: ಬಿಚ್ಚಿದ ಅಂಗೈಯನ್ನು ಎದೆಯ ಮುಂದೆ ಹಿಡಿಯುವುದು. ತಿಳಿಯಲಿಲ್ಲ, ಇನ್ನೊಂದು ಸಲ ಹೇಳು ಎಂದು ಅದರ ಅರ್ಥ. ಶೆಡ್ಡಿನಲ್ಲಿ ಅಂಗೈ ತೋರಿಸಿದವರನ್ನು ಕಂಡು ನಕ್ಕವರಿಲ್ಲ, ರೇಗಿದವರಿಲ್ಲ. ಹತ್ತು ಸಲ ತೋರಿಸಿದರೆ ಹತ್ತು ಸಲ ಹೇಳುತ್ತಾರೆ. ಅದಾದ ಮೇಲೆ ದಿನಕ್ಕೆ ಒಂದು ಮಾತು. ನೀರು. ಎಳೆ ಹರಿಯಿತು. ಬಾ. ಊಟ ಆಯ್ತಾ. ಆರು ತಿಂಗಳಲ್ಲಿ ಲಕ್ಷ್ಮೀದೇವಮ್ಮ ಇಡೀ ಶೆಡ್ಡಿನ ಜೊತೆ ಹರಟೆ ಹೊಡೆಯುತ್ತಿದ್ದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಮುದುಕಿಗೆ ನಿನ್ನಿಂದ ಉಪಕಾರವಾಯಿತು ಅಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಸಪ್ಪಲಕ್ಕ, ನೀನಿಲ್ದಿದ್ರೆ ನಾನು ಆವತ್ತೇ ಓಡೋಗ್ತಿದ್ದೆ" ಎಂದಳು.

"ಅದೆಲ್ಲ ಈಗ್ಯಾಕೆ. ಹುಡುಗಿಗೆ ಫೋನ್ ಮಾಡು ಹೋಗು."

"ಬಿಎ ಓದಿರೋಳಿಗೆ ನಾನೇನು ಹೇಳ್ಲಕ್ಕ? ಏಳನೇ ಕ್ಲಾಸು ನಾನು."

"ಹೌದೌದು, ಬಿಎನಲ್ಲಿ ಇದನ್ನೂ ಹೇಳ್ಕೊಟ್ಟಿದ್ರೆ ಅವಳ್ಯಾಕೆ ಅಳ್ತಿದ್ಲು?"

ಸಂಜೆ ನಾಲ್ಕಕ್ಕೆ ಲಕ್ಷ್ಮೀದೇವಮ್ಮ ಫೋನು ಮಾಡಿದಳು. ಮನೆಗೆ ಹೋಗಿ ಮಾಡಲಿಲ್ಲ. ಅಲ್ಲಿ ಸೆರಗು ತಾನಾಗಿ ಬಾಯಿಗೆ ಬಂದುಬಿಡುತ್ತದೆ. ಓಡುತ್ತಿರುವ ಮಗ್ಗದ ಪಕ್ಕದಲ್ಲೇ ನಿಂತು, ಫೋನನ್ನು ಕಿಟಕಿಗೆ ಒರಗಿಸಿ, ಎರಡೂ ಕೈ ಖಾಲಿ ಮಾಡಿಕೊಂಡಳು. ಇಲ್ಲಿ ಆಕೆ ಯಾರಿಗೂ ಹೆದರಬೇಕಿರಲಿಲ್ಲ.

"ದನಿ ಇಳಿಸ್ಬೇಡ" ಎಂದಳು ತುಟಿಯಲ್ಲಿ. "ಬಿಟ್ಟೇ ಬಿಡು. ಶೆಡ್ಡಲ್ಲಿ ಮಾತಾಡ್ದಂಗೆ ಮಾತಾಡು. ಇಂಗ್ಲಿಷ್ನೇ. ಬಾಯಿ ತೋರ್ಸು, ಕೈ ತೋರ್ಸು. ದನಿ ಅವ್ರು ಕೊಡ್ಲಿ."

ಸಿಂಚನಳ ಮುಖದಲ್ಲಿ ಬೇಸರ ಕಾಣಿಸಿತು. "ಅಮ್ಮಾ, ಅದು ಶೆಡ್ಡು. ಇದು ಸ್ಕೂಲು."

"ನಿಂಗೆ ಮೊದ್ಲು ಮಾತು ಬಂದಿದ್ದು ಯಾವ ಸ್ಕೂಲಲ್ಲೇ? ತೊಟ್ಲಲ್ಲಿ ಕೂತು ಸಪ್ಪಲಕ್ಕನ ಬಾಯಿ ನೋಡ್ಕೊಂಡು 'ನೀರು' ಅಂದೋಳು ನೀನು. ಯಾರ ದನೀನೂ ಕೇಳಿಸ್ಕೊಂಡಿರ್ಲಿಲ್ಲ." ಲಕ್ಷ್ಮೀದೇವಮ್ಮ ಅಂಗೈ ಬಿಚ್ಚಿ ಎದೆಯ ಮುಂದೆ ಹಿಡಿದಳು. "ಮೊದ್ಲು ಇದು ಕಲ್ಸು. ಇದು ಬಂದ್ರೆ ಮಿಕ್ಕಿದ್ದೆಲ್ಲ ಬರ್ತದೆ. ತಿಳೀಲಿಲ್ಲ ಅನ್ನೋಕೆ ಮಕ್ಕಳಿಗೆ ನಾಚ್ಕೆ ಆಗ್ಬಾರ್ದು."

ಸಿಂಚನ ಆ ಅಂಗೈಯನ್ನೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಮುಖ ಅರ್ಧಕ್ಕೆ ನಿಂತುಬಿಟ್ಟಿತು.

ಆಮೇಲೆ ಆರು ದಿನ ಸುದ್ದಿಯಿಲ್ಲ. "ಬ್ಯುಸಿ ಅಮ್ಮ" ಎಂದು ಎರಡು ಸಲ ಮೆಸೇಜು ಬಂತು, ಅಷ್ಟೇ. ಲಕ್ಷ್ಮೀದೇವಮ್ಮ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು, ಒಂದು ದಿನ ಹಾಕುವುದನ್ನೇ ಮರೆತಳು. ರಾಮಾಂಜಿನಪ್ಪ ಎರಡನ್ನೂ ಸುಮ್ಮನೆ ತಿಂದ. ಗುರುವಾರ ಕೈ ತೊಳೆಯುತ್ತಾ, "ಬಂದ್ರೆ ಬರ್ಲಿ ಬಿಡು, ನಮ್ಮನೆ ಮಗು ತಾನೆ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಆಕೆಗೆ ಅಳು ಬಂತು. ಬಂದರೆ ಬರಲಿ, ನಿಜ. ಆದರೆ ನಾನು ಲಾಯಕ್ಕಿಲ್ಲ ಎಂದುಕೊಂಡು ಬಂದ ಮಗುವನ್ನು ಮತ್ತೆ ಎದ್ದು ನಿಲ್ಲಿಸುವುದು ಯಾರು?

ಶುಕ್ರವಾರ ಮೂರು ಗಂಟೆಗೆ ಫೋನು ಮಿನುಗಿತು. ಸಿಂಚನ ಅಳುತ್ತಿದ್ದಳು. ಲಕ್ಷ್ಮೀದೇವಮ್ಮ ಫೋನನ್ನು ಕಣ್ಣಿನ ಹತ್ತಿರ ತಂದಳು. ಆಮೇಲೆ ನೋಡಿದರೆ ಮಗಳು ನಗುತ್ತಲೂ ಇದ್ದಳು.

"ಉಳ್ಕೊಂಡೆ ಅಮ್ಮ! ಉಳ್ಕೊಂಡೆ!"

ಮಗ್ಗಗಳ ಸದ್ದಿನ ನಡುವೆ, ತುಟಿಯಿಂದ ತುಟಿಗೆ, ಅವಳು ಎಲ್ಲ ಹೇಳಿದಳು. ಅಮ್ಮನ ಮಾತು ಕೇಳಿ ಮೊದಲು ಸಿಟ್ಟು ಬಂದಿತ್ತಂತೆ. ರಾತ್ರಿಯೆಲ್ಲ ಯೋಚಿಸಿ, ಇನ್ನು ಕಳೆದುಕೊಳ್ಳುವುದಾದರೂ ಏನಿದೆ ಎಂದು ಮರುದಿನ ಕ್ಲಾಸಿನಲ್ಲಿ ಬಾಯಿಂದ ಒಂದು ಸ್ವರವನ್ನೂ ಹೊರಡಿಸದೆ ನಿಂತಳಂತೆ. ಅಂಗೈ ತೋರಿಸಿ, ಅದರ ಅರ್ಥ ಏನೆಂದು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಆಮೇಲೆ ನೀರಿನ ಲೋಟ ಎತ್ತಿ ಹಿಡಿದು, ದನಿಯಿಲ್ಲದೆ "ವಾಟರ್" ಎಂದು ತುಟಿ ಆಡಿಸಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನೊಯ್ ಎಂಬ ಪುಟ್ಟ ಹುಡುಗಿ, ಮೊದಲ ದಿನದಿಂದ ಬಾಯಿ ಬಿಚ್ಚದೆ ಕೊನೆಯ ಬೆಂಚಿನಲ್ಲಿ ಕೂತಿದ್ದವಳು, ಮೆಲ್ಲಗೆ ಅಂಗೈ ಎತ್ತಿದಳು. ಸಿಂಚನ ಮತ್ತೆ ಹೇಳಿದಳು. ನೊಯ್ ಮತ್ತೆ ಎತ್ತಿದಳು. ಐದನೇ ಸಲಕ್ಕೆ ಆ ಹುಡುಗಿ ಮುಂದಿನ ಬೆಂಚಿಗೇ ಬಂದು ಕೂತು, ತನ್ನ ತುಟಿಯನ್ನೂ ಹಾಗೇ ಆಡಿಸುತ್ತಾ, ಇದ್ದಕ್ಕಿದ್ದಂತೆ "ವಾಟರ್" ಎಂದುಬಿಟ್ಟಳು. ಇಡೀ ಕ್ಲಾಸಿನಲ್ಲಿದ್ದ ದನಿ ಅವಳದೊಂದೇ.

"ಅವಳಿಗೇ ಆಶ್ಚರ್ಯ ಆಗೋಯ್ತಮ್ಮ. ಆಮೇಲೆ ಎಲ್ಲರೂ ಮುಂದಕ್ಕೆ ಬಂದು ಕೂತ್ರು. ನನ್ ಬಾಯಿ ನೋಡ್ಬೇಕಲ್ಲ! ಬಿಟ್ಟೋದ ಮಕ್ಕಳೂ ಮಾರನೇ ದಿನ ಕಿಟಕೀಲಿ ಇಣುಕ್ತಿದ್ರು, ದನಿ ಇಲ್ದೆ ಪಾಠ ಮಾಡೋ ಟೀಚರ್ ನೋಡೋಕೆ. ಇವತ್ತು ಮೂವತ್ತೂ ಜನ ಇದ್ರು."

"ಮೇಡಂ ಏನಂದ್ರು?"

"ಈ ಟ್ರೈನಿಂಗ್ ಎಲ್ಲಿ ತಗೊಂಡೆ ಅಂತ ಕೇಳಿದ್ರು." ಸಿಂಚನ ಕೆನ್ನೆ ಒರೆಸಿಕೊಂಡಳು. "ನಮ್ಮಮ್ಮನ ಹತ್ರ ಅಂದೆ. ಪವರ್‌ಲೂಮ್ ಶೆಡ್ಡಲ್ಲಿ."

ಲಕ್ಷ್ಮೀದೇವಮ್ಮ ಫೋನನ್ನು ಹಾಗೇ ತಿರುಗಿಸಿ, ನಾಲ್ಕು ಮಗ್ಗದಾಚೆ ನಿಂತಿದ್ದ ಸಪ್ಪಲಮ್ಮನನ್ನು ತೋರಿಸಿದಳು. ಸಪ್ಪಲಮ್ಮ ಲಾಳಿ ಹಿಡಿದ ಕೈಯನ್ನೇ ಎತ್ತಿ, ತುಟಿಯಲ್ಲಿ, "ಊಟ ಆಯ್ತೇನೇ?" ಎಂದಳು. ಸಿಂಚನ ಆ ಮುದುಕಿಗೆ ಎರಡೂ ಕೈ ಜೋಡಿಸಿದಳು.

ಅದಾಗಿ ಒಂದು ತಿಂಗಳಿಗೆ ಸಿಂಚನಳಿಂದ ಒಂದು ಬೇಡಿಕೆ ಬಂತು. ತಮ್ಮ ಟೀಚರಿಗೆ ಕಲಿಸಿದ ಅಮ್ಮನನ್ನು ಮಕ್ಕಳು ನೋಡಬೇಕಂತೆ, ಇಲ್ಲಿಯ ಬೆಳಿಗ್ಗೆ ಹತ್ತಕ್ಕೆ, ಅಂದರೆ ಅಲ್ಲಿ ಹನ್ನೊಂದೂವರೆಗೆ, ಊಟದ ಗಂಟೆಗೆ ಮುಂಚೆ. ಸುದ್ದಿ ಕೇಳಿ ಆದಿನಾರಾಯಣಪ್ಪನವರಿಗೆ ಭಾರೀ ಹುರುಪು ಬಂತು. "ಫಾರಿನ್ ಮಕ್ಕಳು ಅಂದ್ರೆ ಹುಡುಗಾಟ ಅಲ್ಲ ಕಣಮ್ಮ. ಹನ್ನೆರಡೂ ಮಗ್ಗ ಬಂದ್ ಮಾಡಿಸ್ತೀನಿ. ಒಂದು ಸೂಜಿ ಬಿದ್ರೂ ಕೇಳ್ಬೇಕು" ಎಂದರು.

"ಬಂದ್ ಮಾಡಿದ್ರೆ ಆ ಮಕ್ಕಳು ನೋಡೋದೇನು ಯಜಮಾನ್ರೇ, ನಿಮ್ ಮುಖಾನಾ?" ಎಂದಳು ಸಪ್ಪಲಮ್ಮ. ಮಗ್ಗಗಳು ಓಡುತ್ತಲೇ ಇರಲಿ ಎಂದು ತೀರ್ಮಾನವಾಯಿತು.

ಲಕ್ಷ್ಮೀದೇವಮ್ಮ ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟು ಬಂದಳು. ತಲೆಯ ಮೇಲೆ ಹತ್ತಿಯ ದೂಳು ಎಂದಿನಂತೆ ಕೂತಿತು. ಹತ್ತು ಗಂಟೆಗೆ ಫೋನು ಮಿನುಗಿತು. ಪರದೆಯ ತುಂಬ ಪುಟ್ಟ ಪುಟ್ಟ ಮುಖಗಳು, ಹಿಂದೆ ಹಲಗೆಯ ಗೋಡೆ, ಅದರಾಚೆ ಹಸಿರು ಬೆಟ್ಟ. ನಡುವೆ ಸಿಂಚನ, ಸ್ವಲ್ಪ ಬಡವಾಗಿದ್ದಾಳೆ, ಆದರೆ ಮುಖದಲ್ಲಿ ಕಳೆ ಬಂದಿದೆ.

ಸಿಂಚನ ಮಕ್ಕಳಿಗೆ ಕಣ್ಣಲ್ಲೇ ಏನೋ ಹೇಳಿದಳು. ಮೂವತ್ತು ಪುಟ್ಟ ಕೈಗಳು ಬಾಯಿಯ ಹತ್ತಿರ ಹೋದವು, ಮೂವತ್ತು ಜೊತೆ ತುಟಿಗಳು ಒಟ್ಟಿಗೆ ಆಡಿದವು. ದನಿಯಿಲ್ಲ. ಲಕ್ಷ್ಮೀದೇವಮ್ಮ ಒಂದು ಗಳಿಗೆ ನಂಬಲಿಲ್ಲ. ಅದು ಇಂಗ್ಲಿಷಲ್ಲ, ಲಾವೋಸಿನ ಮಾತಲ್ಲ. ಮಕ್ಕಳು ತುಟಿಯಲ್ಲಿ ಕೇಳುತ್ತಿದ್ದದ್ದು ಇದೇ ಶೆಡ್ಡಿನ ಮಾತು.

"ಊಟ ಆಯ್ತಾ?"

ಹಿಂದೆ ಗುಂಪುಗಟ್ಟಿದ್ದ ಹೆಂಗಸರೆಲ್ಲ ಹೋ ಎಂದರು. ಸಪ್ಪಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಲಕ್ಷ್ಮೀದೇವಮ್ಮ, ಆಯ್ತು, ನಿಮ್ಮದು ಎಂದು ಕೈಯಲ್ಲಿ ಕೇಳಿದಳು. ಇನ್ನೂ ಇಲ್ಲ ಎಂದು ಮೂವತ್ತು ತಲೆಗಳು ಅಲ್ಲಾಡಿದವು.

ಆಗ ಸಿಂಚನ ಮುಂದೆ ಬಂದು ಅಮ್ಮನಿಗೆ ತುಟಿಯಲ್ಲಿ ಹೇಳಿದಳು. "ಈಗ ಬಾಯ್ಬಿಟ್ಟು ಹೇಳಮ್ಮ."

ಲಕ್ಷ್ಮೀದೇವಮ್ಮನ ಕೈ ಸೆರಗಿಗೆ ಹೋಯಿತು. "ಬ್ಯಾಡ. ಹೆದರ್ಕೊಂಡ್ಬಿಡ್ತಾವೆ."

"ಹೆದರಲ್ಲ. ನಮ್ಮಮ್ಮ ಕೂಗಿದ್ರೆ ಹನ್ನೆರಡು ಮಗ್ಗಾನೂ ಮೀರಿ ಕೇಳಿಸ್ತದೆ ಅಂತ ಹೇಳಿಟ್ಟಿದೀನಿ. ಎರಡು ದಿನದಿಂದ ಅದಕ್ಕೇ ಕಾಯ್ತಿದಾವೆ." ಸಿಂಚನಳ ಕಿವಿ ಕೆಂಪಗಾಗಿತ್ತು, ಆ ಬಹುಮಾನದ ದಿನದ ಹಾಗೆಯೇ. "ಆವತ್ತು ಕಾಲೇಜಲ್ಲಿ ಮೆಲ್ಲಗೆ ಅಂದ್ನಲ್ಲ. ಅದು ತಪ್ಪಾಯ್ತಮ್ಮ. ಸೆರಗು ತೆಗಿ. ನಿನ್ ದನೀಲೇ ಹೇಳು."

ಹಾಗಾದರೆ ಅವಳಿಗೂ ನೆನಪಿತ್ತು. ಇಷ್ಟು ದಿನ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳೊಂದು ಸಲೀಸಾಗಿ ಹೊರಗೆ ಬಂತು. ಲಕ್ಷ್ಮೀದೇವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಫೋನನ್ನು ಬಾಯಿಯ ಹತ್ತಿರ ತಂದು, ಎದೆ ತುಂಬ ಉಸಿರು ಎಳೆದುಕೊಂಡಳು.

"ಆಯ್ತು ಕಣ್ರಪ್ಪಾ! ನೀವೂ ಹೊಟ್ಟೆ ತುಂಬ ಉಣ್ಣಿ! ನನ್ ಮಗ್ಳನ್ನ ಇಟ್ಕೊಂಡ್ರಲ್ಲ, ನೀವು ಚೆನ್ನಾಗಿರ್ಬೇಕು!"

ಮಗ್ಗಗಳ ಸದ್ದನ್ನು ಮೀರಿ ಅದು ಶೆಡ್ಡಿನಾಚೆ ರಸ್ತೆಗೂ ಹೋಯಿತು. ಸೊಪ್ಪಿನವನು ಗಾಡಿ ನಿಲ್ಲಿಸಿ ನೋಡಿದ. ಪರದೆಯಲ್ಲಿ ಮಕ್ಕಳು ಒಂದು ಕ್ಷಣ ಕಣ್ಣರಳಿಸಿ ಕೂತರು. ಲಕ್ಷ್ಮೀದೇವಮ್ಮನ ಕೈ ಮತ್ತೆ ಸೆರಗಿಗೆ ಹೋಯಿತು. ಆಮೇಲೆ ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು, ಅವಳೇ ನೊಯ್ ಇರಬೇಕು, ಬಾಯಿ ತುಂಬ ನಕ್ಕು, ಬಿಚ್ಚಿದ ಅಂಗೈಯನ್ನು ಎದೆಯ ಮುಂದೆ ಹಿಡಿದಳು. ಪಕ್ಕದವನು ಹಿಡಿದ. ಅವನ ಹಿಂದಿನವರು ಹಿಡಿದರು. ನೋಡನೋಡುತ್ತಿದ್ದಂತೆ ಮೂವತ್ತು ಅಂಗೈಗಳು ಲಕ್ಷ್ಮೀದೇವಮ್ಮನ ಮುಂದೆ ಬಿಚ್ಚಿ ನಿಂತವು.

ತಿಳಿಯಲಿಲ್ಲ, ಇನ್ನೊಂದು ಸಲ ಹೇಳು.

ಲಕ್ಷ್ಮೀದೇವಮ್ಮ ಕಣ್ಣೊರೆಸಿಕೊಂಡು, ಇನ್ನೂ ಜೋರಾಗಿ, ಮತ್ತೆ ಹೇಳಿದಳು.